ಮೇಷ್ಟ್ರು ತನಿ ಎರೆದ ಭಾನುವಾರ

ಭಾನುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಲಕ್ಷ್ಮೀಪತಿ ಮೇಷ್ಟ್ರಿಗೆ ಅಣಬೆ ಸಿಕ್ಕಿತು.

ಸಿಕ್ಕಿದ ಜಾಗ ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ, ದಾಸಯ್ಯನ ಹುರುಳಿ ಹೊಲದ ಬದುವಿನ ಮೇಲಿರುವ ಹುತ್ತ. ಹುತ್ತದ ಪಡುವಣ ಮಗ್ಗುಲಲ್ಲಿ ನೆಲ ಬಿರಿದು, ಹೆಬ್ಬೆರಳ ತುದಿಯಷ್ಟಿರುವ ಬೂದುಬಣ್ಣದ ಮೊಗ್ಗುಗಳು ಒಂದಕ್ಕೊಂದು ಒತ್ತಿಕೊಂಡು, ಪ್ರಾರ್ಥನೆಗೆ ನಿಂತ ಒಂದನೇ ತರಗತಿಯ ಮಕ್ಕಳಂತೆ ತಲೆ ಎತ್ತಿದ್ದವು. ಮೇಷ್ಟ್ರು ಎಣಿಸಿದರು. ನೂರ ಮೂವತ್ತೆರಡು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದರು. ಈ ಸಲ ನೂರ ಮೂವತ್ತನಾಲ್ಕು. ಎಣಿಸುತ್ತಿರುವಾಗಲೇ ಎರಡು ಹೆಚ್ಚಾಗಿದ್ದವು.

ಒಂಬತ್ತು ದಿನದಿಂದ ಅವರು ಹುಡುಕುತ್ತಿದ್ದುದು ಇದನ್ನೇ. ಕಾರಣ, ಅವರ ಶಾಲೆಯ ಹೆಡ್ ಮಾಸ್ಟರ್ ನರಸಿಂಹರಾಜು. ಹೋದ ವರ್ಷ ಹುಬ್ಬೆ ಮಳೆಯ ಕಾಲದಲ್ಲಿ ನರಸಿಂಹರಾಜು ಶಾಲೆಯವರನ್ನೆಲ್ಲ ಮಧುಗಿರಿ ತಾಲ್ಲೂಕಿನ ಬಡವನಹಳ್ಳಿಯ ತಮ್ಮ ಮನೆಗೆ ಕರೆದು ಮುದ್ದೆ, ಹುತ್ತದಣಬೆ ಸಾರಿನ ಊಟ ಹಾಕಿದ್ದರು. ಮೇಷ್ಟ್ರು ಮೂರನೇ ಸಲ ಸಾರು ಬಡಿಸಿಕೊಳ್ಳುವಾಗ, "ಉಣ್ಣಿ ಮೇಷ್ಟ್ರೇ, ನಾಚ್ಕೋಬೇಡಿ. ನಿಮ್ಮ ಕೊರಟಗೆರೆ ಕಡೆ ಅಣಬೆ ಅಂದ್ರೆ ಅಂಗಡೀಲಿ ಪ್ಲಾಸ್ಟಿಕ್ ಡಬ್ಬೀಲಿ ಬರೋದು ತಾನೇ?" ಎಂದಿದ್ದರು. ಎಲ್ಲರೂ ನಕ್ಕರು. ಮೇಷ್ಟ್ರು ಕೈಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೆ ಹಾಕಿ, "ಮುಂದಿನ ಹುಬ್ಬೆಗೆ ನಮ್ಮನೇಲಿ ಊಟ. ನಾನೇ ಹುಡುಕಿ, ನನ್ನ ಕೈಯಾರೆ ಕಿತ್ತ ಅಣಬೆ. ಇಲ್ಲದಿದ್ರೆ ನನ್ನ ಹೆಸರು ಲಕ್ಷ್ಮೀಪತಿನೇ ಅಲ್ಲ" ಎಂದುಬಿಟ್ಟರು. ಅಂದಿನಿಂದ ಹೆಡ್ ಮಾಸ್ಟರು ಹೊಸಬರಿಗೆ ಅವರನ್ನು ಪರಿಚಯಿಸುವಾಗ, "ಇವರು ನಮ್ಮ ವಿಜ್ಞಾನದ ಮೇಷ್ಟ್ರು. ಹೆಸರು ಸದ್ಯಕ್ಕೆ ಲಕ್ಷ್ಮೀಪತಿ" ಎನ್ನುತ್ತಿದ್ದರು.

ಆ ಊಟ ಈ ದಿನ ಮಧ್ಯಾಹ್ನ ಒಂದು ಗಂಟೆಗೆ. ಹೆಡ್ ಮಾಸ್ಟರ ಜೊತೆ ಇನ್ನಿಬ್ಬರು ಶಿಕ್ಷಕರು ಬರುವವರಿದ್ದರು. ಮೇಷ್ಟ್ರ ಹೆಂಡತಿ ಗಂಗಾಂಬಿಕಾ ಗಂಡನ ಮೇಲೆ ಪ್ರೀತಿ ಇಟ್ಟಿದ್ದಳೇ ಹೊರತು ನಂಬಿಕೆ ಇಟ್ಟಿರಲಿಲ್ಲ. "ಅಣಬೆ ಬಂದ್ರೆ ಅಣಬೆ ಸಾರು. ಇಲ್ದಿದ್ರೆ ಸೋರೆಕಾಯಿ ಐತೆ" ಎಂದು ಶುಕ್ರವಾರವೇ ಒಂದು ತೋಳುದ್ದದ ಸೋರೆಕಾಯಿ ತಂದು ಅಡುಗೆಮನೆಯ ಮೂಲೆಗೆ ಒರಗಿಸಿದ್ದಳು.

ಮೇಷ್ಟ್ರ ಮುಂದೆ ಈಗ ಎರಡು ತೊಡಕಿದ್ದವು. ಒಂದು, ಮೊಗ್ಗು ಇನ್ನೂ ಚಿಕ್ಕದು. ಈಗ ಕಿತ್ತರೆ ಮೂರು ಜನ ಅತಿಥಿಗಳಿಗೆ ಒಂದೊಂದು ಸೌಟು ಸಾರೂ ಆಗದು. ಮೂರು ಗಂಟೆ ಬಿಟ್ಟರೆ ಕಾಲು ನೀಳವಾಗಿ, ತಲೆ ಅರ್ಧ ಬಿಚ್ಚಿ, ಬುಟ್ಟಿ ತುಂಬುತ್ತದೆ. ಎರಡನೆಯದು, ಅಣಬೆಯ ವಿಷಯದಲ್ಲಿ ಆ ಊರವರು ಪಾಲಿಸಿಕೊಂಡು ಬಂದ ಕಟ್ಟಳೆ. ಕಿತ್ತ ಅಣಬೆ ಕಿತ್ತವರದು. ಆದರೆ ಅಣಬೆ ನೆಲದಲ್ಲಿರುವಾಗ ಯಾರ ಕಣ್ಣಿಗೆ ಬಿದ್ದರೂ ಅವರಿಗೊಂದು ಪಾಲು. ಹತ್ತು ಜನ ಕಂಡರೆ ಹತ್ತು ಪಾಲು.

ಮೇಷ್ಟ್ರು ಹೆಗಲ ಮೇಲಿದ್ದ ಟವಲನ್ನು ಅಣಬೆಯ ಮೇಲೆ ಹಾಸಿದರು. ನಾಲ್ಕು ಮೂಲೆಗೂ ಒಂದೊಂದು ಕಲ್ಲಿಟ್ಟು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮೂರು ಗಂಟೆ ಕೂರುವುದು ಅವರಿಗೆ ಕಷ್ಟವಲ್ಲ. ಇಲಾಖೆಯ ತರಬೇತಿಗಳಲ್ಲಿ ಅಭ್ಯಾಸವಾಗಿತ್ತು.

ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಬಂದವಳು ಊರಿನಲ್ಲೇ ಯಾರು ಬರಬಾರದಿತ್ತೋ ಅವಳು.

ಮುನಿಯಮ್ಮನಿಗೆ ಅರವತ್ತೈದು ವರ್ಷ. ಕಣ್ಣು ಸ್ವಲ್ಪ ಮಂದ, ಮೂಗು ಮಾತ್ರ ಚುರುಕು. ಅಣಬೆ ಎದ್ದಿದ್ದನ್ನು ಮೂರು ಹೊಲದಾಚೆಯಿಂದ ವಾಸನೆಯಲ್ಲೇ ಹಿಡಿಯುತ್ತಾಳೆಂದು ಊರಿನಲ್ಲಿ ಹೆಸರು. ಸೊಂಟದಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಬದುವಿನ ಮೇಲೆ ಬಂದವಳು ಗಕ್ಕನೆ ನಿಂತಳು.

"ಯಾರದು, ಮೇಷ್ಟ್ರಾ? ಇಷ್ಟೊತ್ನಾಗೆ ಇಲ್ಯಾಕ್ ಕುಂತಿದೀರಾ?"

"ಸುಮ್ನೆ ಕಣಮ್ಮ."

"ಸುಮ್ನೆ ಕೂರಾಕೆ ಮನೇಲಿ ಜಗಲಿ ಇಲ್ವಾ? ಆ ಟವಲ್ಲು ಯಾಕ್ ಹಾಸಿದೀರಾ ಹುತ್ತುಕ್ಕೆ?"

ಮುನಿಯಮ್ಮನ ಮೂಗಿನ ಹೊಳ್ಳೆ ಅಗಲವಾಗತೊಡಗಿತು. ಮೇಷ್ಟ್ರಿಗೆ ಯೋಚಿಸಲು ಒಂದೇ ಉಸಿರಿನಷ್ಟು ಸಮಯವಿತ್ತು. ಹುತ್ತದ ಮುಂದೆ ಕೂತವನು ಏನು ತಾನೇ ಹೇಳಿಯಾನು?

"ತನಿ" ಎಂದರು. "ತನಿ ಎರೆಯೋಣ ಅಂತ ಬಂದೆ."

ಮುನಿಯಮ್ಮನ ಬುಟ್ಟಿ ಕೆಳಗೆ ಬಿತ್ತು.

ಬೀಳದೆ ಇರುವ ಮಾತೇ ಅಲ್ಲ ಅದು. ಹದಿನೆಂಟು ವರ್ಷದಿಂದ ಪ್ರತಿ ನಾಗರ ಪಂಚಮಿಗೆ ಹೆಂಗಸರು ಹಾಲಿನ ಚೊಂಬು ಹಿಡಿದು ಇದೇ ಹುತ್ತಕ್ಕೆ ತನಿ ಎರೆಯಲು ಬಂದಾಗ, ಅಡ್ಡ ನಿಂತು ಭಾಷಣ ಮಾಡಿದವರು ಇದೇ ಲಕ್ಷ್ಮೀಪತಿ ಮೇಷ್ಟ್ರು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಹುತ್ತ ಕಟ್ಟಿದ್ದು ಗೆದ್ದಲು, ಆ ಹಾಲನ್ನು ಅಂಗನವಾಡಿ ಮಕ್ಕಳಿಗೆ ಕೊಡಿ. ಮುನಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹಾಲೆರೆಯುವಾಗ ಅರ್ಧವನ್ನು ಬೇಕೆಂದೇ ಮೇಷ್ಟ್ರ ಪಾದದ ಮೇಲೆ ಚೆಲ್ಲಿ ಹೋಗುತ್ತಿದ್ದಳು.

"ಅಂತೂ ಬಂತಲ್ಲಪ್ಪಾ ಬುದ್ಧಿ!" ಎಂದಳು ಮುನಿಯಮ್ಮ, ಎರಡೂ ಕೈಯಲ್ಲಿ ಕೆನ್ನೆ ಬಡಿದುಕೊಂಡು. "ಪಂಚಮಿ ಮುಗ್ದು ತಿಂಗ್ಳಾಯ್ತಲ್ಲ, ಈಗ್ಯಾಕೆ? ಕನಸ್ನಾಗೆ ಬಂದಿತ್ತಾ?"

"ಬಂದಿತ್ತು."

"ಏನಂತು?"

"ಯಾರಿಗೂ ಹೇಳ್ಬೇಡ ಅಂತು."

"ನಾನ್ ಯಾಕಪ್ಪಾ ಹೇಳ್ಲಿ!" ಎಂದು ಮುನಿಯಮ್ಮ ಬಿದ್ದ ಬುಟ್ಟಿಯನ್ನೂ ಎತ್ತಿಕೊಳ್ಳದೆ ಊರ ಕಡೆ ಓಡಿದಳು. ಅರವತ್ತೈದರ ಹೆಂಗಸು ಅಷ್ಟು ಜೋರಾಗಿ ಓಡಬಲ್ಲಳೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಏಳೂ ಕಾಲಿಗೆ ಮೊದಲ ತಂಡ ಬಂತು. ಏಳೂವರೆಗೆ ಹುತ್ತದ ಸುತ್ತ ನಲವತ್ತೆರಡು ಜನ. ನಾಗಪ್ಪನನ್ನು ನೋಡಲು ಯಾರೂ ಬಂದಿರಲಿಲ್ಲ. ನಾಗಪ್ಪನನ್ನು ಅವರು ನೋಡಿದ್ದರು. ಬಂದದ್ದು, ನಾಗಪ್ಪನ ಮುಂದೆ ಕೂತ ಲಕ್ಷ್ಮೀಪತಿ ಮೇಷ್ಟ್ರನ್ನು ನೋಡಲು.

ಎಲ್ಲರಿಗಿಂತ ಮುಂದೆ ಮೊಬೈಲ್ ಹಿಡಿದು ನಿಂತವನು ಲೈನ್‌ಮನ್ ಭೀಮರಾಜು. ಮೇಷ್ಟ್ರ ಹಳೆಯ ವಿದ್ಯಾರ್ಥಿ.

"ಸಾರ್, ಏಳನೇ ಕ್ಲಾಸಲ್ಲಿ ಹಾವು ಹಾಲು ಕುಡಿಯುತ್ತೆ ಅಂತ ಬರ್ದಿದ್ದಕ್ಕೆ ನಂಗೆ ಸೊನ್ನೆ ಹಾಕಿದ್ರಿ."

"ಅದು ಆವಾಗಿನ ಸಿಲಬಸ್ ಕಣಪ್ಪ."

"ಬೆಂಚ್ ಮೇಲೂ ನಿಲ್ಸಿದ್ರಿ ಸಾರ್."

"ಅದಕ್ಕೇ ಇವತ್ತು ಕಂಬ ಹತ್ತೋಕೆ ನಿಂಗೆ ಭಯ ಇಲ್ಲ" ಎಂದರು ಮೇಷ್ಟ್ರು. ಜನ ಹೌದೆಂದು ತಲೆದೂಗಿದರು. ಆ ದಿನ ಮೇಷ್ಟ್ರು ಏನು ಹೇಳಿದರೂ ತಲೆದೂಗಲು ಅವರು ಸಿದ್ಧರಾಗಿ ಬಂದಿದ್ದರು.

ಹೊಲದ ಮಾಲೀಕ ದಾಸಯ್ಯ ಶಂಖ, ಜಾಗಟೆ ತಂದ. "ನಾನು ಅರವತ್ತು ವರ್ಷ ಈ ಹೊಲ ಉತ್ತೆ. ನಂಗೆ ಒಲೀಲಿಲ್ಲ ನಾಗಪ್ಪ. ಪಾಠ ಹೇಳೋ ಮೇಷ್ಟ್ರಿಗೆ ಒಲ್ದವ್ನೆ. ಇರ್ಲಿ ಬುಡಿ" ಎಂದು ಸ್ವಲ್ಪ ಬೇಸರದಿಂದಲೇ ಜಾಗಟೆ ಬಡಿಯತೊಡಗಿದ.

ಅಪಾಯ ಇದ್ದದ್ದು ಹಾಲಿನ ಚೊಂಬುಗಳಲ್ಲಿ. ಲೆಕ್ಕ ಹಾಕಿದರೆ ಇಪ್ಪತ್ತಾರು ಚೊಂಬು. ಅಷ್ಟು ಹಾಲು ಟವಲಿನ ಮೇಲೆ ಬಿದ್ದರೆ ಅಣಬೆ ಅಲ್ಲೇ ಪಾಯಸವಾಗುತ್ತದೆ. ಮೇಷ್ಟ್ರು ಎದ್ದು ನಿಂತು ಎರಡು ಸಲ ಚಪ್ಪಾಳೆ ತಟ್ಟಿದರು. ನಲವತ್ತೆರಡು ಜನರಲ್ಲಿ ಅರ್ಧಕ್ಕರ್ಧ ಅವರ ಕೈಯಲ್ಲೇ ಕಲಿತವರು. ಸದ್ದು ಕೇಳಿದ್ದೇ ತಮ್ಮಷ್ಟಕ್ಕೆ ತಾವೇ ಸಾಲು ಕಟ್ಟಿದರು.

"ಎಲ್ಲಾ ಮೂಡಣ ದಿಕ್ಕಿಗೆ ಬನ್ನಿ. ಎತ್ತರದವರು ಹಿಂದೆ. ಒಬ್ಬರಿಗೆ ಒಂದು ಚಮಚ. ಪಡುವಣ ಕಡೆ ಯಾರೂ ಕಾಲಿಡೋ ಹಾಗಿಲ್ಲ."

"ಯಾಕೆ ಮೇಷ್ಟ್ರೇ?"

"ಅದು ಬಾಲದ ಕಡೆ."

ಮೊದಲ ಚಮಚ ಮೇಷ್ಟ್ರೇ ಎರೆಯಬೇಕಾಯಿತು. ಹದಿನೆಂಟು ವರ್ಷದ ವಿಜ್ಞಾನ ಬಲಗೈಯನ್ನು ಹಿಂದಕ್ಕೆಳೆಯಿತು. ಮಧ್ಯಾಹ್ನ ಒಂದು ಗಂಟೆಯ ಅಣಬೆ ಸಾರು ಮುಂದಕ್ಕೆ ನೂಕಿತು. ಸಾರು ಗೆದ್ದಿತು. ಹಾಲು ಬಿದ್ದ ಕೂಡಲೇ ದಾಸಯ್ಯ ಶಂಖ ಊದಿದ. ಹೆಂಗಸರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು.

ಆದರೆ ನೆಲ ಪಡುವಣಕ್ಕೆ ಇಳಿಜಾರಾಗಿರುವುದನ್ನು ಮೇಷ್ಟ್ರು ಗಮನಿಸಿರಲಿಲ್ಲ. ಹತ್ತನೇ ಚಮಚಕ್ಕೆ ಹಾಲಿನದೊಂದು ಸಣ್ಣ ತೊರೆ ಹುತ್ತವನ್ನು ಬಳಸಿ ಟವಲಿನ ಕಡೆಗೇ ಹೊರಟಿತು. ಮೇಷ್ಟ್ರು ಒಂದು ಕಡ್ಡಿ ಹಿಡಿದು, ಮೊಣಕಾಲೂರಿ, ಅಡ್ಡ ಕಾಲುವೆ ತೋಡಿದರು. ಹಾಲು ಮುಂದೆ, ಕಾಲುವೆ ಹಿಂದೆ. ಕೊನೆಗೆ ಟವಲಿಗೆ ನಾಲ್ಕು ಬೆರಳು ದೂರದಲ್ಲಿ ಹಾಲು ಹುರುಳಿ ಹೊಲದ ಕಡೆ ತಿರುಗಿತು.

"ಅದೇನ್ ಮಾಡ್ತಾವ್ರೆ?" ಎಂದರು ಹಿಂದಿನ ಸಾಲಿನವರು.

"ಮಂಡಲ ಬರೀತಾವ್ರೆ, ಸುಮ್ಕಿರ್ಲಾ" ಎಂದ ದಾಸಯ್ಯ.

ಎಂಟು ಗಂಟೆಯ ಹೊತ್ತಿಗೆ ಬಿಸಿಲು ಬಂತು. ಬಿಸಿಲಿನ ಜೊತೆಗೆ, ಒದ್ದೆ ಮಣ್ಣಿನ ಅಡಿಯಿಂದ ಇನ್ನೊಂದು ವಾಸನೆಯೂ ಎದ್ದಿತು. ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದ ಮುನಿಯಮ್ಮ ಕಣ್ಣು ಬಿಟ್ಟಳು. ಮೂಗು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಟವಲಿನ ನೇರಕ್ಕೆ ಬಂದು ನಿಂತಿತು.

"ಮೇಷ್ಟ್ರೇ, ಏನೋ ವಾಸ್ನೆ ಬತ್ತಾ ಐತಲ್ಲ. ಅಣಬೆ ವಾಸ್ನೆ ಇದ್ದಂಗೈತೆ."

"ಊದುಬತ್ತಿ!" ಎಂದು ಮೇಷ್ಟ್ರು ಕೂಗಿದರು. "ಯಾರೂ ಊದುಬತ್ತಿನೇ ಹಚ್ಚಿಲ್ವಲ್ರೋ! ಇದೇನಾ ನಿಮ್ಮ ಭಕ್ತಿ?"

ಭೀಮರಾಜು ನಾಚಿಕೊಂಡು ಒಂದಿಡೀ ಕಟ್ಟು ಹಚ್ಚಿ ಮುನಿಯಮ್ಮನ ಮೂಗಿನ ಮುಂದೆಯೇ ಸಿಕ್ಕಿಸಿದ. ದಾಸಯ್ಯ ಮನೆಯಿಂದ ತಂದಿದ್ದ ಕೆಂಡದ ಮೇಲೆ ಒಂದು ಹಿಡಿ ಸಾಂಬ್ರಾಣಿ ಹಾಕಿದ. ಹೊಗೆಯಲ್ಲಿ ಬೆಟ್ಟವೇ ಕಾಣಲಿಲ್ಲ. ಮುನಿಯಮ್ಮ ಹನ್ನೊಂದು ಸಲ ಸೀನಿದಳು. ಅವಳ ಮೂಗು ಆ ದಿನದ ಮಟ್ಟಿಗೆ ಕೆಲಸ ನಿಲ್ಲಿಸಿತು.

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಗಡಿಯಾರ ನೋಡಿಕೊಂಡರು. ಎಂಟೂವರೆ. ಇನ್ನರ್ಧ ಗಂಟೆ ಕಳೆದರೆ ಸಾಕು. ಆದರೆ ಇಷ್ಟು ಜನರ ಎದುರಿಗೆ ಕೀಳುವುದು ಹೇಗೆ? ನಲವತ್ತೆರಡು ಪಾಲು ಮಾಡಿದರೆ ತಲೆಗೆ ಮೂರು ಅಣಬೆ. ಅದನ್ನೇ ಯೋಚಿಸುತ್ತಿರುವಾಗ ಮುನಿಯಮ್ಮ ಚೀರಿದಳು.

"ಟವಲ್ಲು!"

ಎಲ್ಲರೂ ನೋಡಿದರು.

"ಟವಲ್ಲು ಏಳ್ತಾ ಐತೆ! ನಾನ್ ಬಂದಾಗ ನೆಲುಕ್ಕೆ ಅಂಟ್ಕೊಂಡಿತ್ತು. ಈಗ ನಾಕು ಬೆಟ್ಟು ಮ್ಯಾಲೆ ಐತೆ!"

ನಿಜವಾಗಿತ್ತು. ಮೂಲೆಗಳಿಗೆ ಕಲ್ಲು ಹೇರಿದ್ದ ಟವಲು ನಡುವೆ ನಾಲ್ಕು ಬೆರಳಷ್ಟು ಉಬ್ಬಿಕೊಂಡು, ಹೊಂಚು ಹಾಕಿದ ಬೆಕ್ಕಿನ ಬೆನ್ನಿನಂತೆ ಎದ್ದಿತ್ತು. ನೂರ ಮೂವತ್ತನಾಲ್ಕು ಅಣಬೆಗಳು ಬೆಳಗಿನಿಂದ ಸದ್ದಿಲ್ಲದೆ ಅದನ್ನು ತಲೆಯ ಮೇಲೆ ಹೊತ್ತು ಎತ್ತುತ್ತಿದ್ದವು. ಮೇಷ್ಟ್ರಿಗೆ ಅದು ಗೊತ್ತು. ಉಳಿದವರಿಗೆ ಕಂಡದ್ದು ಬೇರೆ.

"ಹೆಡೆ! ಒಳಗೆ ಹೆಡೆ ಎತ್ತೈತೆ!"

ಜಾಗಟೆ ನಿಂತಿತು. ಸಾಲು ಹತ್ತು ಹೆಜ್ಜೆ ಹಿಂದಕ್ಕೆ ಹೋಯಿತು. ಹನ್ನೊಂದು ಕೆವಿ ತಂತಿಯ ಕೆಳಗೆ ನಿಂತು ಬೀಡಿ ಸೇದುವ ಭೀಮರಾಜು ಹುರುಳಿ ಹೊಲದ ಆಚೆ ಬದುವಿನ ಮೇಲಿದ್ದ. ವಿಡಿಯೊ ಮಾತ್ರ ನಿಲ್ಲಿಸಿರಲಿಲ್ಲ.

ದಾರಿ ಇಲ್ಲದ ಕಡೆ ದಾರಿ ತೆರೆದುಕೊಂಡಿತು. ಮೇಷ್ಟ್ರು ಎರಡೂ ಕೈ ಮೇಲೆತ್ತಿದರು.

"ಯಾರೂ ಹೆದರಬೇಡಿ! ಎಲ್ಲರೂ ಹಿಂದಕ್ಕೆ ತಿರುಗಿ, ಕಣ್ಣು ಮುಚ್ಚಿ. ನಾಗಪ್ಪ ಒಳಕ್ಕೆ ಹೋಗೋ ಹೊತ್ತು. ನಾನು ಹೇಳೋವರೆಗೂ ಯಾರೂ ನೋಡೋ ಹಾಗಿಲ್ಲ. ನೋಡಿದವರಿಗೆ..."

ನೋಡಿದವರಿಗೆ ಏನಾಗುತ್ತದೆಂದು ಅವರು ಯೋಚಿಸಿರಲಿಲ್ಲ.

"ಕಣ್ಣು ಹೋಯ್ತವೆ!" ಎಂದು ಮುನಿಯಮ್ಮ ಪೂರ್ತಿ ಮಾಡಿದಳು.

ನಲವತ್ತೆರಡು ಬೆನ್ನುಗಳು ಮೇಷ್ಟ್ರ ಕಡೆ ತಿರುಗಿದವು. ಹೊಲ ದಾಟಿ ವಾಪಸ್ ಬಂದ ಭೀಮರಾಜು ಮೊಬೈಲನ್ನೂ ಆಚೆ ತಿರುಗಿಸಿ ಹಿಡಿದ. ಮೇಷ್ಟ್ರು ಟವಲು ಸರಿಸಿದರು. ಆಹಾ! ಒಂದೊಂದೂ ಬೆರಳುದ್ದ, ಬೆಳ್ಳನೆಯ ಕಾಲು, ಅರ್ಧ ಬಿಚ್ಚಿದ ಕೊಡೆ, ತುದಿಯಲ್ಲಿ ಮೊಳೆಯಂಥ ಚೂಪು. ಅವರು ಎರಡೂ ಕೈಯಿಂದ ಕೀಳತೊಡಗಿದರು. ಪಟ್. ಪಟ್. ಪಟ್ ಪಟ್.

"ಏನ್ ಮೇಷ್ಟ್ರೇ ಅದು ಸದ್ದು?" ಎಂದ ದಾಸಯ್ಯ, ಕಣ್ಣು ಮುಚ್ಚಿಕೊಂಡೇ.

"ಪೊರೆ ಬಿಡ್ತಾ ಇದೆ."

"ಅಪ್ಪಾ ನಾಗಪ್ಪಾ!" ಎಂದು ದಾಸಯ್ಯ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡ.

ಹನ್ನೊಂದು ನಿಮಿಷದಲ್ಲಿ ನೂರ ಮೂವತ್ತನಾಲ್ಕೂ ಟವಲಿನಲ್ಲಿದ್ದವು. ಮೇಷ್ಟ್ರು ಮೇಲೆ ಒಂದು ಬೊಗಸೆ ಮಣ್ಣು ಹಾಕಿ, ಗಂಟು ಬಿಗಿದು, ತಲೆಯ ಮೇಲಿಟ್ಟುಕೊಂಡು ಎದ್ದು ನಿಂತರು.

"ಆಯ್ತು, ತಿರುಗಿ. ಇದು ಹುತ್ತದ ಮಣ್ಣು. ನಮ್ಮನೆ ದೇವರ ಗೂಡಲ್ಲಿ ಇಡಬೇಕು ಅಂತ ಅಪ್ಪಣೆಯಾಗಿದೆ. ಯಾರೂ ಮುಟ್ಟೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ."

ಯಾರೂ ಮುಟ್ಟಲಿಲ್ಲ. ಅದರ ಬದಲು ಮೆರವಣಿಗೆ ಮಾಡಿದರು. ಮುಂದೆ ದಾಸಯ್ಯನ ಶಂಖ, ಜಾಗಟೆ. ಹಿಂದೆ ಖಾಲಿ ಚೊಂಬಿನ ಹೆಂಗಸರು. ನಡುವೆ ಮೂರು ಕಿಲೋ ಅಣಬೆಯನ್ನು ತಲೆ ಮೇಲೆ ಹೊತ್ತ ಲಕ್ಷ್ಮೀಪತಿ ಮೇಷ್ಟ್ರು. ಅರಳಿಕಟ್ಟೆಯಲ್ಲಿ ಕೂತಿದ್ದವರು ಚಪ್ಪಲಿ ಬಿಟ್ಟು ಎದ್ದರು. ಹಾಲಿನ ಡೇರಿಯವರು ಕ್ಯಾನು ಕೆಳಗಿಟ್ಟು ಕೈಮುಗಿದರು. ನೂರ ಮೂವತ್ತನಾಲ್ಕು ಅಣಬೆ, ಒಂದು ಪಾಲೂ ಕೊಡದೆ, ಊರಿನವರ ಕೈಯಲ್ಲೇ ಮೆರವಣಿಗೆ ಮಾಡಿಸಿಕೊಂಡು ಮನೆಗೆ ಹೋಗುತ್ತಿತ್ತು. ಇಂಥ ಕೆಲಸ ಆ ಊರಿನಲ್ಲಿ ಹಿಂದೆ ಯಾರೂ ಮಾಡಿರಲಿಲ್ಲ. ಮೇಷ್ಟ್ರ ಕಣ್ಣ ಮುಂದೆ ಬಾಣಲೆ ಕಾಣುತ್ತಿತ್ತು. ಎಣ್ಣೆಯಲ್ಲಿ ಸಿಡಿಯುವ ಬೆಳ್ಳುಳ್ಳಿ, ಹುರಿದು ರುಬ್ಬಿದ ಖಾರ, ಕುದಿಯುವ ಸಾರಿನಲ್ಲಿ ಮುಳುಗಿ ತೇಲುವ ಅಣಬೆ, ಮತ್ತು ಆ ಸಾರಿನ ಆಚೆ ಹೆಡ್ ಮಾಸ್ಟರ ಮುಖ.

ಮನೆ ಮುಂದೆ ಗಂಗಾಂಬಿಕಾ ಒದ್ದೆ ತಲೆಗೆ ಬಟ್ಟೆ ಸುತ್ತಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಸುದ್ದಿ ಮೆರವಣಿಗೆಗಿಂತ ಮುಂಚೆಯೇ ಬಂದಿತ್ತು. ಅವಳ ಕಣ್ಣಲ್ಲಿ ನೀರಿತ್ತು.

"ಹದಿನೆಂಟು ವರ್ಷ ಕಣ್ರೀ" ಎಂದಳು, ಮೆಲ್ಲಗೆ, ಅವರಿಗಷ್ಟೇ ಕೇಳುವಂತೆ. "ಪ್ರತಿ ಪಂಚಮಿಗೂ ನೀವು ಭಾಷಣ ಮುಗಿಸಿ ಸ್ಕೂಲಿಗೆ ಹೋದ್ಮೇಲೆ ನಾನೊಬ್ಳೇ ಹೋಗಿ ತನಿ ಎರೆದು ಬರ್ತಿದ್ದೆ. ನೀವು ಬರೋದ್ರೊಳಗೆ ಚೊಂಬು ತೊಳೆದು ಇಟ್ಬಿಡ್ತಿದ್ದೆ. ಕಳ್ಳರಂಗೆ. ಇವತ್ತು ನೀವೇ ಹೋಗಿ ಎರೆದ್ರಲ್ಲ... ನಂಗೆ ಇನ್ನೇನೂ ಬ್ಯಾಡ."

'ಇದು ಅಣಬೆ ಕಣೇ' ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳ ಮುಖ ನೋಡಿ ಅದು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಜನ ಚದುರಿದ ಮೇಲೆ ಹೇಳೋಣ ಅಂದುಕೊಂಡರು. ಗಂಟು ದೇವರ ಗೂಡು ಸೇರಿತು. ಗಂಗಾಂಬಿಕಾ ಅದಕ್ಕೆ ಅರಿಶಿನ, ಕುಂಕುಮ ಹಚ್ಚಿ ಒಂದು ಎಳೆ ಹೂವಿಟ್ಟಳು.

ಜನ ಚದುರಲಿಲ್ಲ. ಮುನಿಯಮ್ಮನೂ ದಾಸಯ್ಯನೂ ಇನ್ನೂ ಹತ್ತಿಪ್ಪತ್ತು ಜನರೂ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಟವಲು ಎಷ್ಟು ಬೆಟ್ಟು ಎದ್ದಿತ್ತೆಂಬ ಮಾತು ನಡೆಯಿತು. ನಾಲ್ಕು ಬೆಟ್ಟು ಹತ್ತು ಗಂಟೆಗೆ ಒಂದು ಗೇಣಾಗಿತ್ತು.

ಮೇಷ್ಟ್ರು ಹೆಂಡತಿಯ ಕಿವಿಯಲ್ಲಿ ನಿಜ ಹೇಳುವ ಧೈರ್ಯ ತಂದುಕೊಂಡು ಅಡುಗೆಮನೆಗೆ ಹೋದರೆ, ಅಲ್ಲಿ ಗಂಗಾಂಬಿಕಾ ಇರಲಿಲ್ಲ. ಪಾವಗಡದ ತೆಲುಗು ಸೀಮೆಯಿಂದ ಬಂದು ವಾರವಾಗಿದ್ದ ಅವಳ ತಾಯಿ ಪೆದ್ದಮ್ಮ ಇದ್ದರು. ಒಲೆ ಸಾರಿಸಿ ರಂಗೋಲಿ ಬಿಟ್ಟಿತ್ತು. ಈಳಿಗೆಮಣೆ ಅಟ್ಟದ ಮೇಲಿತ್ತು. ಬಾಣಲೆ, ಹೆಂಚು, ಒಗ್ಗರಣೆ ಸೌಟು ಒಂದೂ ಕಾಣಲಿಲ್ಲ.

"ಅತ್ತೆ, ಬಾಣಲೆ ಎಲ್ಲಿ?"

"ಬಾಣಲೆ ಯಾಕೆ ಅಳಿಯಂದ್ರೇ?" ಎಂದರು ಪೆದ್ದಮ್ಮ, ಕೈ ಒರೆಸಿಕೊಳ್ಳುತ್ತ. "ತನಿ ಎರೆದ ರೋಜು ಮನೇಲಿ ಹೆಚ್ಚೋದು ಲೇದು, ಹುರಿಯೋದು ಲೇದು, ಒಗ್ಗರಣೆ ಅಸಲೇ ಲೇದು. ನಾಗಪ್ಪನಿಗೆ ಕಾವು ತಾಕ್ತದೆ. ಬೇಯಿಸಿದ್ದು ಮಾತ್ರಮೇ."

ಮೇಷ್ಟ್ರು ಅಟ್ಟದ ಮೇಲಿನ ಈಳಿಗೆಮಣೆಯನ್ನು ನೋಡಿದರು. ಪಂಚಮಿಯ ದಿನ ಪ್ರತಿ ವರ್ಷ ತಮ್ಮ ತಟ್ಟೆಗೆ ಸಪ್ಪೆ ಕಾಳು, ಕಡುಬು ಮಾತ್ರ ಬೀಳುತ್ತಿದ್ದುದು ಯಾಕೆಂದು ಅವರಿಗೆ ಈಗ ತಿಳಿಯಿತು. ಗಂಗಾಂಬಿಕಾಗೆ ಆ ದಿನ ತಲೆನೋವು ಬರುತ್ತದೆಂದು ಹದಿನೆಂಟು ವರ್ಷ ನಂಬಿದ್ದರು.

"ಹಂಗಾದ್ರೆ... ಅಣಬೆ? ಒಗ್ಗರಣೆ ಇಲ್ದೆ, ಹೆಚ್ಚದೆ, ಕೈಯಲ್ಲೇ ಹರಿದು ಹಾಕಿದ್ರೆ?"

"ಅಯ್ಯೋ ದೇವುಡಾ!" ಪೆದ್ದಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಬಾಡು, ಮೊಟ್ಟೆ, ಅಣಬೆ ಇವತ್ತು ಹೊಸಿಲೇ ದಾಟೋ ಹಾಗಿಲ್ಲ."

"ಅಣಬೆ ಬಾಡಲ್ಲ ಅತ್ತೆ. ಅದು ಶಿಲೀಂಧ್ರ. ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ."

"ಎರಡೂ ಕಾದು, ಎರಡೂ ಅಲ್ಲ ಅಂದ್ರೆ ಇನ್ನೂ ಬ್ಯಾಡ!"

ಹೊಸಿಲು ದಾಟಿ, ಕುಂಕುಮ ಹಚ್ಚಿಸಿಕೊಂಡು, ದೇವರ ಗೂಡಿನಲ್ಲೇ ಕೂತಿದ್ದ ಅಣಬೆಯ ಬಗ್ಗೆ ಮೇಷ್ಟ್ರು ಮತ್ತೆ ಮಾತಾಡಲಿಲ್ಲ. ಅದು ನಾಳೆಯವರೆಗೆ ಕಾಯುವ ಪದಾರ್ಥವೂ ಅಲ್ಲ. ಸಂಜೆಗೆ ಕಪ್ಪಾಗುತ್ತದೆ, ಬೆಳಗಾದರೆ ಹುಳು. ಜಗಲಿಗೆ ಹೋಗಿ ನಿಜ ಒಪ್ಪಿಕೊಂಡರೆ? ಅಣಬೆ ನೆಲದಲ್ಲಿದ್ದಾಗ ನಾವೂ ಅಲ್ಲೇ ಇದ್ದೆವೆಂದು ಊರವರು ನಲವತ್ತೆರಡು ಪಾಲು ಕೇಳುತ್ತಾರೆ. ಅದು ಹೋಗಲಿ, ಗಂಗಾಂಬಿಕಾ ಹೊರಗೆ ಯಾರಿಗೋ ಹೇಳುತ್ತಿದ್ದ ಮಾತು ಕಿಟಕಿಯಿಂದ ಕೇಳಿಸುತ್ತಿತ್ತು: "ನಮ್ಮನೆಯವರು ಬಾಯಲ್ಲಿ ಏನೇ ಅನ್ಲಿ, ಮನಸ್ಸು ಹಾಲು ಕಣಮ್ಮ."

ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಇರುವಾಗ ನರಸಿಂಹರಾಜು ಕಾರಿನಿಂದ ಇಳಿದರು. ಜೊತೆಗೆ ಇಬ್ಬರು ಶಿಕ್ಷಕರು. ಬೆಳಗ್ಗೆ ತಿಂಡಿ ಅರ್ಧಕ್ಕೇ ಬಿಟ್ಟು ಬಂದಿದ್ದೇವೆಂದು ಇಳಿಯುವಾಗಲೇ ಹೇಳಿದರು. ಎಲೆ ಹಾಕಿದ್ದಾಯಿತು. ಬಡಿಸಿದ್ದು ಉಪ್ಪು ಹಾಕಿ ಬೇಯಿಸಿದ ಹಲಸಂದೆ ಕಾಳು, ಸಿಹಿ ಕಡುಬು, ನೆನೆಸಿದ ಹೆಸರುಬೇಳೆ, ಕಿವುಚಿದ ಹುಣಸೆಹಣ್ಣಿನ ನೀರು ಸಾರು. ಹೆಚ್ಚುವಂತಿಲ್ಲವಾದ್ದರಿಂದ ಸೋರೆಕಾಯಿಯೂ ಇರಲಿಲ್ಲ.

ಹೆಡ್ ಮಾಸ್ಟರು ಎಲೆಯ ಆ ತುದಿಯಿಂದ ಈ ತುದಿಗೆ ನೋಡಿದರು.

"ಎಲ್ರೀ ಮೇಷ್ಟ್ರೇ ಅಣಬೆ?"

"ಇವತ್ತು ನಮ್ಮನೇಲಿ ತನಿ."

"ಯಾರು ಎರೆದ್ರು?"

"ನಾನು."

ಹೆಡ್ ಮಾಸ್ಟರ ಕೈಯಲ್ಲಿದ್ದ ಕಡುಬು ಎಲೆಗೆ ಬಿತ್ತು. ಉಳಿದದ್ದನ್ನು ಜಗಲಿಯವರು ಬಾಗಿಲಲ್ಲಿ ನಿಂತು ಸರದಿಯ ಮೇಲೆ ಹೇಳಿದರು. ಭೀಮರಾಜು ವಿಡಿಯೊ ತೋರಿಸಿದ. ಪೊರೆ ಬಿಟ್ಟ ಸದ್ದನ್ನು ಎರಡು ಸಲ ಹಾಕಿದ. ಹೆಡ್ ಮಾಸ್ಟರು ಎರಡನೇ ಸಲ ಕಿವಿಗೆ ಇನ್ನಷ್ಟು ಹತ್ತಿರ ಹಿಡಿದು ಕೇಳಿಸಿಕೊಂಡರು.

ಕೈ ತೊಳೆದವರೇ, "ದೇವರಿಗೊಂದು ನಮಸ್ಕಾರ ಹಾಕಿ ಬರ್ತೀನಿ" ಎಂದು ಗೂಡಿನ ಮುಂದೆ ಮೊಣಕಾಲೂರಿದರು. ನಮಸ್ಕಾರ ಬಹಳ ಹೊತ್ತು ನಡೆಯಿತು. ಉಸಿರನ್ನು ದೀರ್ಘವಾಗಿ ಎಳೆದುಕೊಳ್ಳುವುದು ಹಿಂದೆ ನಿಂತ ಮೇಷ್ಟ್ರಿಗೆ ಕೇಳಿಸಿತು. ಗಂಟಿನ ಸಂದಿಯಲ್ಲಿ, ಕುಂಕುಮದ ಪಕ್ಕದಲ್ಲಿ, ಒಂದು ಬೂದುಬಣ್ಣದ ಚೂಪು ತಲೆ ಇಣುಕುತ್ತಿತ್ತು. ಹೆಡ್ ಮಾಸ್ಟರು ತಿರುಗಿ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಹೆಡ್ ಮಾಸ್ಟರನ್ನು ನೋಡಿದರು. ಇಬ್ಬರ ನಡುವೆ ಗಂಗಾಂಬಿಕಾ ತಾಂಬೂಲದ ತಟ್ಟೆ ಹಿಡಿದು ಹೆಮ್ಮೆಯಿಂದ ನಿಂತಿದ್ದಳು.

"ಅಮ್ಮಾ" ಎಂದರು ಹೆಡ್ ಮಾಸ್ಟರು, ತಮ್ಮ ಶಾಲೆಯಲ್ಲಿ ಯಾರೂ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು. ನಮ್ಮನೆಯವರು ಹುತ್ತದ ಮಣ್ಣು ತನ್ನಿ, ಹುತ್ತದ ಮಣ್ಣು ತನ್ನಿ ಅಂತ ಭಾಳ ದಿನದಿಂದ ಹೇಳ್ತವ್ರೆ. ಇದು ನೋಡಿದ್ರೆ ಸಾಕ್ಷಾತ್ ನಾಗಪ್ಪ ಮುಟ್ಟಿದ ಮಣ್ಣು."

"ಅದಕ್ಕೇನ್ ಸಾರ್!" ಎಂದಳು ಗಂಗಾಂಬಿಕಾ. "ಗಂಟು ಬಿಚ್ಚಿ ಒಂದು ಹಿಡಿ ಕಟ್ಟಿಕೊಡ್ತೀನಿ."

ಅವಳ ಕೈ ಗಂಟಿಗೆ ಹೋಯಿತು.

"ಬಿಚ್ಚಬೇಡ!" ಎಂದು ಮೇಷ್ಟ್ರು ಕಿರುಚಿದರು.

"ಬಿಚ್ಚಬಾರ್ದು!" ಎಂದರು ಹೆಡ್ ಮಾಸ್ಟರೂ, ಅದೇ ಉಸಿರಿನಲ್ಲಿ.

"ಬಿಚ್ಚಬಾರ್ದು ಅಂತ ಅಪ್ಪಣೆ ಆಗೈತಮ್ಮೋ!" ಎಂದು ಜಗಲಿಯಿಂದ ಮುನಿಯಮ್ಮ ಕೂಗಿದಳು.

ಗಂಗಾಂಬಿಕಾ ಕೈ ಹಿಂದಕ್ಕೆಳೆದುಕೊಂಡಳು. "ಬಿಚ್ಚದೆ ಒಂದು ಹಿಡಿ ಹೆಂಗೆ ಕೊಡೋದು?"

"ಅದೂ ಸರಿನೇ" ಎಂದರು ಹೆಡ್ ಮಾಸ್ಟರು. ಸ್ವಲ್ಪ ಯೋಚಿಸಿದಂತೆ ಮಾಡಿದರು. "ಹಂಗಾದ್ರೆ ಇಡಿಯಾಗಿ ಕೊಟ್ಟುಬುಡಿ."

ಗಂಗಾಂಬಿಕಾ ಗಂಡನ ಮುಖ ನೋಡಿದಳು. ಪೆದ್ದಮ್ಮ ಕೊಟ್ಟರೆ ಪುಣ್ಯಂ ಎಂದರು. ದಾಸಯ್ಯ ನಾಗಪ್ಪ ಮಧುಗಿರಿ ತಾಲ್ಲೂಕಿಗೂ ಹೋಗಿಬರಲಿ ಬುಡಿ ಎಂದ. ಮೇಷ್ಟ್ರಿಗೆ ಬೇಡ ಅನ್ನಲು ಒಂದೇ ಒಂದು ಕಾರಣವಿತ್ತು, ಅದನ್ನು ಹೇಳುವಂತಿರಲಿಲ್ಲ. ಅವರು ತಲೆಯಾಡಿಸಿದರು. ಗಂಗಾಂಬಿಕಾ ಗಂಟನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣಿಗೊತ್ತಿಕೊಂಡು, ಹೆಡ್ ಮಾಸ್ಟರ ಕೈಗಿಟ್ಟಳು. ಜೊತೆಗೆ ಎಲೆ ಅಡಿಕೆ, ಬಾಳೆಹಣ್ಣು.

ಕಾರಿನವರೆಗೆ ಮತ್ತೆ ಶಂಖ, ಜಾಗಟೆ. ಮುನಿಯಮ್ಮ ಕಾರಿನ ಚಕ್ರಕ್ಕೆ ಹಾಲು ಹಾಕಿದಳು. ಹೆಡ್ ಮಾಸ್ಟರು ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಗಾಜು ಇಳಿಸಿ, ಮೇಷ್ಟ್ರನ್ನು ಹತ್ತಿರ ಕರೆದರು.

"ಬೆಳ್ಳುಳ್ಳಿ ಜಾಸ್ತಿ ಹಾಕ್ಸಲಾ, ಕಮ್ಮಿ ಹಾಕ್ಸಲಾ?"

"ಜಾಸ್ತಿ" ಎಂದರು ಮೇಷ್ಟ್ರು.

ಕಾರು ಎರಡೂ ಕಾಲಿಗೆ ಹೊರಟಿತು. ಸಂಜೆ ಏಳಕ್ಕೆ ಬಡವನಹಳ್ಳಿಯ ನರಸಿಂಹರಾಜು ಮನೆಯಲ್ಲಿ ಆರು ಜನ ಮುದ್ದೆ, ಹುತ್ತದಣಬೆ ಸಾರು ಉಂಡರು. ಅದೇ ಹೊತ್ತಿಗೆ ಲಕ್ಷ್ಮೀಪತಿ ಮೇಷ್ಟ್ರು ಒಗ್ಗರಣೆ ಇಲ್ಲದ ಹಲಸಂದೆ ಕಾಳನ್ನು ಎರಡನೇ ಸಲ ಬಡಿಸಿಕೊಂಡರು.